ಆಮೆ ದಾಟಿದ ತಂತಿ

ಜಾಯಿಂಟರ್ ಸಾಹೇಬರ ಎದುರಿಗೆ ‘ಕ್ರಾಸ್’ ಎಂಬ ಮಾತನ್ನು ಎತ್ತುವ ಧೈರ್ಯ ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಟೆಲಿಫೋನ್ ಇಲಾಖೆಯಲ್ಲಿ ಮೂವತ್ತೆರಡು ವರ್ಷ ರಸ್ತೆ ಬದಿಯ ಗುಂಡಿಗಳಲ್ಲಿ ಕೂತು, ನೆಲದಡಿಯ ಕೇಬಲ್ಲುಗಳನ್ನು ಎಳೆಗೆ ಎಳೆ ಜೋಡಿಸಿ ನಿವೃತ್ತರಾದವರು ಅವರು. ಕೆಂಪಿಗೆ ಕೆಂಪು, ಹಳದಿಗೆ ಹಳದಿ, ನೀಲಿಗೆ ನೀಲಿ: ಇದಕ್ಕಿಂತ ದೊಡ್ಡ ತತ್ವವನ್ನು ಯಾವ ಜ್ಞಾನಿಯೂ ಹೇಳಿಲ್ಲ ಎಂಬುದು ಅವರ ದೃಢ ನಂಬಿಕೆ. ಒಂದು ಎಳೆ ಇನ್ನೊಂದರ ಜಾಗಕ್ಕೆ ಹೋದರೆ ಅದೇ ಕ್ರಾಸ್. ಅವರ ಸಹೋದ್ಯೋಗಿಯೊಬ್ಬ ಒಮ್ಮೆ ಹಾಗೆ ಮಾಡಿ, ಹಾಲಿನ ಡೈರಿಗೆ ಬರಬೇಕಾದ ದೂರುಗಳೆಲ್ಲ ಒಂದು ವಾರ ನ್ಯಾಯಾಧೀಶರ ಮನೆಗೆ ಹೋಗಿ, ಹಾಲು ಒಡೆದದ್ದಕ್ಕೆ ನ್ಯಾಯಾಧೀಶರೇ ಹನ್ನೊಂದು ಸಲ ಕ್ಷಮೆ ಕೇಳಿದ್ದರಂತೆ. ಸಾಹೇಬರ ಕೈಯಿಂದ ಅಂಥದ್ದು ಒಂದೂ ಆಗಿರಲಿಲ್ಲ. ಅವರು ಮುಚ್ಚಿದ ಜಾಯಿಂಟನ್ನು ಇಲಾಖೆ ಮತ್ತೆ ಬಿಚ್ಚಿದ್ದೇ ಇಲ್ಲ. ಇದನ್ನು ಅವರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಕೇಳುವವರು ಸಿಗದ ದಿನ ಗಡ್ಡ ಕೆರೆಯುತ್ತಾ ಕನ್ನಡಿಗೆ ಹೇಳುತ್ತಾರೆಂದು ಅವರ ಹೆಂಡತಿ ಪಕ್ಕದ ಮನೆಯಲ್ಲಿ ಹೇಳಿದ್ದುಂಟು.

ಇಷ್ಟು ದೊಡ್ಡ ಮನುಷ್ಯನಲ್ಲಿ ಒಂದು ಸಣ್ಣ ಕುಂದು ಇತ್ತು. ಎದುರಿನವರ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಅವರಿಗೆ ಉತ್ತರ ಹೊಳೆದುಬಿಡುತ್ತಿತ್ತು. ಉಳಿದರ್ಧ ಏನಿತ್ತೆಂದು ತಿಳಿಯುವ ಅಗತ್ಯ ಅವರಿಗೆ ಅರವತ್ತಮೂರು ವರ್ಷಗಳಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ಅವರ ತಾಯಿಗೆ ಎಂಬತ್ತನಾಲ್ಕು. ಆಕೆಯೂ ಟೆಲಿಫೋನಿನವರೇ. ನಂಬರು ತಿರುಗಿಸಿದರೆ ತಾನಾಗಿಯೇ ಫೋನು ಸೇರುವ ಕಾಲ ಬರುವ ಮೊದಲು, ಎಕ್ಸ್‌ಚೇಂಜಿನ ಎತ್ತರದ ಬೋರ್ಡಿನ ಮುಂದೆ ಕೂತು, ಒಂದೊಂದು ಕರೆಗೂ ಕೈಯಲ್ಲೇ ವೈರು ಚುಚ್ಚಿ ಊರಿಗೆ ಊರನ್ನು ಸೇರಿಸುತ್ತಿದ್ದ ಆಪರೇಟರ್. ಹತ್ತೊಂಬತ್ತು ವರ್ಷದ ಹಿಂದೆ ಸೊಂಟದ ಮೂಳೆ ಮುರಿದು ಮಲಗಿದ್ದಾಗ, ಒಂಬತ್ತು ವರ್ಷದ ಮೊಮ್ಮಗಳು ಅಜ್ಜಿಗೆ ಬೇಜಾರಾಗದಿರಲೆಂದು ತನ್ನ ಅಂಗೈಯಗಲದ ಗೇಮನ್ನು ಕೊಟ್ಟಿದ್ದಳು. ಅದರೊಳಗೆ ಒಂದು ಆಮೆಮರಿ. ಅದನ್ನು ಸಾಕಬೇಕು, ಅಲೆದಾಡಿಸಬೇಕು, ಕಾಳಗ ಕಲಿಸಬೇಕು. ಮೂಳೆ ಮೂರು ತಿಂಗಳಲ್ಲಿ ಕೂಡಿಕೊಂಡಿತು. ಆದರೆ ಗೇಮು ಮೊಮ್ಮಗಳಿಗೆ ವಾಪಸ್ಸು ಹೋಗಲಿಲ್ಲ.

ಅಂದಿನಿಂದ ಪ್ರತಿದಿನ ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಆಕೆ ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂತು ಆಮೆಯನ್ನು ಸಾಕಿದರು. ಆಮೆ ಬೆಟ್ಟದಂತೆ ಬೆಳೆಯಿತು. ಅದರ ಬಲ ತೊಂಬತ್ತೊಂಬತ್ತು ಮುಟ್ಟಿತು. ನೂರು ಆ ಆಟದಲ್ಲಿ ಯಾರಿಗೂ ಸುಲಭಕ್ಕೆ ಸಿಗುವಂಥದ್ದಲ್ಲ. ಆಮೆಗೊಂದು ಹೆಸರೂ ಇತ್ತು. ಅದು ಅಜ್ಜಿಗೂ ಮೊಮ್ಮಗಳಿಗೂ ಮಾತ್ರ ಗೊತ್ತು. ಸಾಹೇಬರು ಎಂದೂ ಆ ಪರದೆಯೊಳಗೆ ಇಣುಕಿರಲಿಲ್ಲ. ವೈರಿಲ್ಲದ ಯಂತ್ರದ ಬಗ್ಗೆ ಅವರಿಗೆ ಗೌರವ ಕಡಿಮೆ.

ಸಂಕಟ ಶುರುವಾದದ್ದು ಒಂದು ಸೋಮವಾರ. ಆಟದೊಳಗಿನ ಗಡಿಯಾರ ನಿಂತುಹೋಗಿತ್ತು. ಈಗ ದಂತವೈದ್ಯರ ಲ್ಯಾಬಿನಲ್ಲಿ ಕೃತಕ ಹಲ್ಲು ತಯಾರಿಸುವ ಕೆಲಸದಲ್ಲಿದ್ದ ಆ ಮೊಮ್ಮಗಳು, ಸಾಹೇಬರ ಮಗಳು, ಅದನ್ನು ಹಳೆ ಗೇಮುಗಳ ಅಂಗಡಿಗೆ ಒಯ್ದು ಬಂದಳು. ಗೇಮಿಗೆ ಸಿಕ್ಕಿಸುವ ಆಟದ ಕ್ಯಾಸೆಟ್ಟಿನೊಳಗೆ ಅಂಗಿಯ ಗುಂಡಿಯಷ್ಟು ಒಂದು ಸೆಲ್ ಇದೆಯಂತೆ. ಆಮೆ ಬದುಕಿರುವುದು ಅದರ ಉಸಿರಿನಲ್ಲಿ. ಅದು ಮುಗಿಯುತ್ತಾ ಬಂದಿದೆ. ಸೆಲ್ ಕಿತ್ತರೆ ನೆನಪೆಲ್ಲ ಅಳಿಸಿಹೋಗುತ್ತದೆ, ಕೀಳದಿದ್ದರೆ ತಾನಾಗಿ ಅಳಿಸಿಹೋಗುತ್ತದೆ. ಹದಿನೈದು ದಿನವಾದರೂ ಆಗಬಹುದು, ನಾಳೆಯೇ ಆಗಬಹುದು ಎಂದಿದ್ದ ಅಂಗಡಿಯವ.

ಉಳಿಸುವ ದಾರಿ ಒಂದೇ. ಅಂಥದೇ ಇನ್ನೊಂದು ಗೇಮು, ಹೊಸ ಸೆಲ್ ಹಾಕಿದ ಇನ್ನೊಂದು ಕ್ಯಾಸೆಟ್ಟು, ಎರಡರ ನಡುವೆ ಒಂದು ಲಿಂಕ್ ಕೇಬಲ್. ಹಿಂದೆಲ್ಲ ಮಕ್ಕಳು ಎದುರುಬದುರು ಕೂತು ಎರಡು ಗೇಮಿಗೆ ಈ ಮಾರುದ್ದದ ವೈರು ಚುಚ್ಚಿ ಒಟ್ಟಿಗೆ ಆಡುತ್ತಿದ್ದರು. ಅದೇ ವೈರಿನಲ್ಲಿ ಪ್ರಾಣಿಗಳನ್ನು ಆಚೆಯಿಂದ ಈಚೆಗೆ ಕಳಿಸಬಹುದಿತ್ತು. ಗೇಮನ್ನೂ ಕ್ಯಾಸೆಟ್ಟನ್ನೂ ಮಗಳು ಅಲ್ಲೇ ಕೊಂಡಳು, ಆದರೆ ಅಂಗಡಿಯವನ ಬಳಿ ಉಳಿದಿದ್ದದ್ದು ಒಂದೇ ಕೇಬಲ್. ಅದರ ಒಂದು ತುದಿಯ ಬಳಿ ಹೊರಗಿನ ರಬ್ಬರು ಒಡೆದಿತ್ತು. “ಎರಡು ಬೆರಳಲ್ಲಿ ಅದುಮಿ ಹಿಡ್ಕೊಂಡ್ರೆ ಕೆಲಸ ಮಾಡುತ್ತೆ” ಎಂದು ಹೇಳಿ ಕೊಟ್ಟಿದ್ದ.

ಮಗಳು ಈ ಮಾತನ್ನು ಅಪ್ಪನ ಎದುರಿಗೆ ಹೇಳಬಾರದಿತ್ತು.

“ಅದುಮಿ ಹಿಡ್ಕೋಬೇಕಾ?” ಸಾಹೇಬರು ಎದ್ದು ನಿಂತರು. “ನನ್ನ ಮನೇಲಿ? ವೈರನ್ನ?”

ಶುಕ್ರವಾರ ಬೆಳಿಗ್ಗೆ ಅವರು ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿ, ಭೂತಗನ್ನಡಿ ಕಟ್ಟಿಕೊಂಡು ಶಸ್ತ್ರಚಿಕಿತ್ಸೆಗೆ ಕೂತರು. ಒಡೆದ ಭಾಗವನ್ನು ಕತ್ತರಿಸಿದರು. ಆ ತುದಿಯ ಪ್ಲಗ್ಗನ್ನು ಬಿಚ್ಚಿ ಯಾವ ಬಣ್ಣದ ಎಳೆ ಯಾವ ಕಾಲಿಗೆ, ಅಂದರೆ ಪಿನ್ನಿಗೆ, ಹೋಗಿದೆ ಎಂದು ಗುರುತು ಮಾಡಿಕೊಂಡರು. ಅವರು ನಿಯಮದ ಮನುಷ್ಯ. ಹಾಗಾಗಿ ತಾಳೆ ನೋಡಲು ಇನ್ನೊಂದು ತುದಿಯ ಪ್ಲಗ್ಗನ್ನೂ ಬಿಚ್ಚಿದರು. ನೋಡಿದವರೇ ಭೂತಗನ್ನಡಿ ಒರೆಸಿ ಮತ್ತೆ ನೋಡಿದರು. ಈ ತುದಿಯಲ್ಲಿ ಎರಡನೇ ಕಾಲಿಗೆ ಕೆಂಪು, ಮೂರನೆಯದಕ್ಕೆ ಕಿತ್ತಳೆ. ಆ ತುದಿಯಲ್ಲಿ ಎರಡಕ್ಕೆ ಕಿತ್ತಳೆ, ಮೂರಕ್ಕೆ ಕೆಂಪು.

ಕ್ರಾಸ್.

ಸಮುದ್ರದಾಚೆಯ ಕಂಪನಿ. ಲಕ್ಷಾಂತರ ಕೇಬಲ್ಲು ಮಾಡಿ ಮಾರಿದವರು. ಮೂವತ್ತು ವರ್ಷ ಯಾರ ಕಣ್ಣಿಗೂ ಬೀಳದ ತಪ್ಪು ಈ ಊಟದ ಮೇಜಿನ ಮೇಲೆ, ತಮ್ಮ ಕಣ್ಣಿಗೆ ಬಿದ್ದಿದೆ! ಸಾಹೇಬರಿಗೆ ಮೈ ಜುಮ್ಮೆಂದಿತು. ಅವರು ಒಂದು ಲೋಟ ನೀರು ಕುಡಿದು, ಕೈ ತೊಳೆದು ಬಂದು, ಇಡೀ ಲೋಕದ ಪರವಾಗಿ ಆ ತಪ್ಪನ್ನು ತಿದ್ದಿದರು. ಎರಡಕ್ಕೆ ಕೆಂಪು, ಮೂರಕ್ಕೆ ಕಿತ್ತಳೆ, ಎರಡೂ ಕಡೆ. ಬೆಸುಗೆ ಹಾಕಿ, ಮೇಲೆ ರಬ್ಬರಿನ ಕೊಳವೆ ಏರಿಸಿ, ಅದರ ಮೇಲೆ ಇಲಾಖೆಯಿಂದ ನೆನಪಿಗಾಗಿ ತಂದಿದ್ದ ಅಂಟು ಸುರಿದು ಮುಚ್ಚಿದರು.

ಕಿಟಕಿಯ ಬಳಿಯಿಂದ ತಾಯಿ ಕೇಳಿದರು. “ಎರಡೂ ಕಡೆ ಒಂದೇ ಥರ ಮಾಡಿದ್ಯೇನೋ? ಹಾಗಾದ್ರೆ ಅದು...”

“ಒಂದೇ ಥರ, ಅಮ್ಮ. ಅಚ್ಚುಕಟ್ಟು” ಎಂದು ಸಾಹೇಬರು ಚಪ್ಪಲಿ ಮೆಟ್ಟಿ ಹೊರಗೆ ನಡೆದೇಬಿಟ್ಟಿದ್ದರು. ಇಂಥ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಕೂರುವುದು ಯಾರಿಂದಲೂ ಆಗದು.

ಸಂಜೆ ಮನೆಗೆ ಬಂದ ಮಗಳು ಒಂದು ಸಲ ಚುಚ್ಚಿ ನೋಡೋಣ ಎಂದಳು. ಸಾಹೇಬರು ಕೇಬಲ್ಲನ್ನು ಬೀರುವಿನೊಳಗಿಟ್ಟು ಬೀಗ ಹಾಕಿದರು. ಅಂಟು ಹಾಕಿದ ಜಾಯಿಂಟನ್ನು ಮೂವತ್ತಾರು ಗಂಟೆ ಮುಟ್ಟಕೂಡದೆಂಬುದು ಇಲಾಖೆಯ ನಿಯಮ. ಇಲಾಖೆ ಅವರನ್ನು ಬಿಟ್ಟು ಐದು ವರ್ಷವಾಗಿದ್ದರೂ ಅವರು ಇಲಾಖೆಯನ್ನು ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಸುದ್ದಿ ಕಾಲು ಬೆಳೆಸಿಕೊಂಡಿತ್ತು. ಸಾಹೇಬರು ಎದುರುಮನೆಯ ಟೈಲರಿಗೆ ಹೇಳುವಾಗ ಅದು ಕೇಬಲ್ಲಿನ ಒಂದು ತಪ್ಪಾಗಿತ್ತು. ಟೈಲರು ಗಿರಾಕಿಯ ಕುತ್ತಿಗೆಗೆ ಟೇಪು ಹಾಕಿಕೊಂಡೇ ಅದನ್ನು ಹೇಳುವಾಗ ಕಂಪನಿಯ ತಪ್ಪಾಯಿತು. ಬೀದಿಯ ಕೊನೆ ಮುಟ್ಟುವಾಗ ಕಂಪನಿ ಪತ್ರ ಬರೆದಿತ್ತು. ಶನಿವಾರ ಬೆಳಿಗ್ಗೆ ಸಾಹೇಬರು ಔಷಧಿ ಅಂಗಡಿಗೆ ಹೋದಾಗ ಅಲ್ಲಿದ್ದವರು ಜಾಗ ಬಿಟ್ಟು ನಿಂತರು, ವಿದೇಶಕ್ಕೆ ಯಾವಾಗ ಹೊರಡುವುದೆಂದು ಕೇಳಿದರು. ಹೋಗುವ ವಿಚಾರ ಇನ್ನೂ ತೀರ್ಮಾನವಾಗಿಲ್ಲ ಎಂದು ಸಾಹೇಬರು ಅಂದದ್ದು ನಿಜ. ಅದರಲ್ಲಿ ಸುಳ್ಳು ಏನೂ ಇರಲಿಲ್ಲ.

ಮಧ್ಯಾಹ್ನಕ್ಕೆ ಫೋನು ಬಂತು. ನಿವೃತ್ತ ಟೆಲಿಫೋನ್ ನೌಕರರ ಸಂಘದ ಅಧ್ಯಕ್ಷರಾದ ದೊಡ್ಡ ಇಂಜಿನಿಯರ್ ಖುದ್ದಾಗಿ ಮಾತಾಡಿದರು. ಸರ್ವಿಸಿನಲ್ಲಿದ್ದಾಗ ಗುಂಡಿಯ ಅಂಚಿನಲ್ಲಿ ನಿಂತು ಕೆಳಗೆ ನೋಡುತ್ತಿದ್ದವರು ಅವರು, ಕೆಳಗಿನಿಂದ ಮೇಲೆ ನೋಡುತ್ತಿದ್ದವರು ಇವರು. ಭಾನುವಾರ ಹತ್ತೂವರೆಗೆ ಸಂಘದವರೆಲ್ಲ ಮನೆಗೇ ಬರುವುದಾಗಿಯೂ, ಆಮೆ ದಾಟುವುದನ್ನು ಕಣ್ಣಾರೆ ನೋಡಿ ಪ್ರಶಂಸಾಪತ್ರ ಕೊಡುವುದಾಗಿಯೂ ಅವರು ಹೇಳಿದರು. ಪತ್ರವನ್ನು ಆಗಲೇ ಅಚ್ಚು ಹಾಕಿಸಿಯಾಗಿತ್ತು. ಎಷ್ಟು ಜನ ಬರುತ್ತಾರೆಂದು ಹೆಂಡತಿ ಕೇಳಿದ್ದಕ್ಕೆ ಸಾಹೇಬರು ಕುರ್ಚಿ ಸಾಲದಿದ್ದರೆ ಟೈಲರ ಮನೆಯಿಂದ ತರಿಸು ಎಂದರು.

ಭಾನುವಾರ ಬೆಳಿಗ್ಗೆ ತಾಯಿ ಗೇಮಿನ ಗುಂಡಿ ಒತ್ತಿದರು. ಪರದೆ ಬೆಳಗಿತು, ಆದರೆ ಆಮೆ ಕಾಣಿಸಲು ಎಂದಿಲ್ಲದಷ್ಟು ಹೊತ್ತು ಹಿಡಿಯಿತು. ಮಗಳು ಅಂಗಡಿಯವನಿಗೆ ಫೋನು ಮಾಡಿದಳು. ಒಳಗಿನ ಸೆಲ್ ಮುಗಿದೇಹೋಗಿರಬೇಕು, ಈಗ ಆಮೆಯನ್ನು ಹಿಡಿದಿಟ್ಟಿರುವುದು ಗೇಮಿನ ಬೆನ್ನಿನಲ್ಲಿರುವ ಎರಡು ದೊಡ್ಡ ಸೆಲ್ಲುಗಳು ಮಾತ್ರ ಎಂದ ಅವನು. “ಆಫ್ ಮಾಡ್ಬೇಡಿ. ಆ ಸೆಲ್ ಬದಲಾಯಿಸೋಕೂ ತೆಗೀಬೇಡಿ. ಇನ್ನೊಂದು ಸಲ ಆನ್ ಮಾಡಿದ್ರೆ ಅದರೊಳಗೆ ಏನೂ ಇರಲ್ಲ.”

ಗೇಮಿನ ಮೂಲೆಯಲ್ಲಿ ಒಂದು ಪುಟ್ಟ ಕೆಂಪು ದೀಪವಿತ್ತು. ಅದು ಆರುವ ಮುಂಚೆ ಆಮೆ ಆಚೆ ದಡ ಸೇರಬೇಕು. ತಾಯಿ ಗೇಮನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈ ಅದರ ಸುತ್ತ ಇಟ್ಟುಕೊಂಡರು. ಮಗಳು ಈಗಲೇ ಕೇಬಲ್ ಕೊಡೆಂದು ಅಪ್ಪನ ಬೆನ್ನುಹತ್ತಿದಳು. ಸಾಹೇಬರು ಬೀರುವಿನ ಬೀಗದ ಕೈಯನ್ನು ಯಾವ ಪ್ಯಾಂಟಿನಲ್ಲಿ ಇಟ್ಟಿದ್ದೇನೆಂದು ಹುಡುಕುವುದರಲ್ಲಿ ನಿರತರಾಗಿದ್ದರು. ಆ ಪ್ಯಾಂಟು ಒಗೆದು ಒಣಹಾಕಿದ್ದರಲ್ಲಿ ಸಿಕ್ಕಿತು. ಅಷ್ಟು ಹೊತ್ತಿಗೆ ಹತ್ತೂವರೆಯಾಗಿ, ಬಾಗಿಲಲ್ಲಿ ಸಂಘ ನಿಂತಿತ್ತು.

ಹದಿನಾಲ್ಕು ಮಂದಿ. ಎಲ್ಲರ ತಲೆಯೂ ನೆರೆತದ್ದು, ಎಲ್ಲರಿಗೂ ಒಂದೊಂದು ಕಿವಿ ಮಂದ. ಜೀವಮಾನವೆಲ್ಲ ಬೇರೆಯವರ ಗಂಟಲು ಸಾಗಿಸಿದವರಿಗೆ ಅದು ಸಹಜವೇ. ಕಿಟಕಿಯಾಚೆ ಟೈಲರು, ಅವನ ಅಂಗಡಿಗೆ ಬಂದಿದ್ದ ಅಳತೆ ಅರ್ಧಕ್ಕೆ ನಿಂತ ಗಿರಾಕಿ, ಅವರ ಹಿಂದೆ ಬೀದಿ. ದೊಡ್ಡ ಇಂಜಿನಿಯರ್ ನಡುವಿನ ಕುರ್ಚಿಯಲ್ಲಿ ಕೂತು, ಪ್ರಶಂಸಾಪತ್ರದ ಚೌಕಟ್ಟನ್ನು ಮಡಿಲಲ್ಲಿ ನಿಲ್ಲಿಸಿಕೊಂಡರು. ಮೂಲೆಯ ಕಿಟಕಿಯ ಬಳಿ ಕೂತಿದ್ದ ಮುದುಕಿಯನ್ನು ಅವರು ಗಮನಿಸಲಿಲ್ಲ.

ಸಾಹೇಬರು ಮಾತಾಡಿದರು. ಎಷ್ಟು ಮಾತಾಡಿದರೆಂಬುದನ್ನು ಇಲ್ಲಿ ಬರೆಯುವುದು ಬೇಡ. ಗುಂಡಿಗಳಿಂದ ಶುರುವಾಗಿ, ಕೆಂಪಿಗೆ ಕೆಂಪು ಎಂಬಲ್ಲಿ ಸ್ವಲ್ಪ ಹೊತ್ತು ನಿಂತು, ವಿದೇಶದ ಕಂಪನಿಯ ಮೇಲೆ ಕನಿಕರ ತೋರಿಸಿ ಅವರು ಮುಗಿಸುವ ಹೊತ್ತಿಗೆ ಕೆಂಪು ದೀಪ ಟೊಮ್ಯಾಟೊ ಬಣ್ಣದಿಂದ ಇಟ್ಟಿಗೆಯ ಬಣ್ಣಕ್ಕೆ ಇಳಿದಿತ್ತು. ಮಗಳು ಅಪ್ಪನ ಕೈಯಿಂದ ಕೇಬಲ್ಲನ್ನು ಹೆಚ್ಚೂಕಡಿಮೆ ಕಿತ್ತುಕೊಂಡು, ಒಂದು ತುದಿಯನ್ನು ಅಜ್ಜಿಯ ಗೇಮಿಗೂ ಇನ್ನೊಂದನ್ನು ತನ್ನ ಕೈಯಲ್ಲಿದ್ದ ಹೊಸ ಗೇಮಿಗೂ ಚುಚ್ಚಿದಳು. ಹದಿನಾಲ್ಕು ತಲೆಗಳು ಬಾಗಿದವು.

ಎರಡೂ ಪರದೆಗಳಲ್ಲಿ ಒಂದೇ ಸಾಲು ಮೂಡಿತು: ಗೆಳೆಯನ ಉತ್ತರಕ್ಕಾಗಿ ಕಾಯಲಾಗುತ್ತಿದೆ.

ಕಾದರು. ಸಂಘದವರಿಗೆ ಲೈನಿಗಾಗಿ ಕಾಯುವುದು ಹೊಸದೇನಲ್ಲ. ಎರಡು ನಿಮಿಷ ಕಳೆಯಿತು. ಮಗಳು ಕಿತ್ತು ಮತ್ತೆ ಚುಚ್ಚಿದಳು. ಅದೇ ಸಾಲು. ಸಾಹೇಬರು ಹೊಸ ಗೇಮಿನ ಮೇಲೆ ಅನುಮಾನ ವ್ಯಕ್ತಪಡಿಸಿದರು. ಸಂಘದ ಖಜಾಂಚಿ ಹವಾಮಾನದ ಮೇಲೆ ವ್ಯಕ್ತಪಡಿಸಿದರು. ಟೈಲರು ಕಿಟಕಿಯಿಂದ ಅದನ್ನು ಒಮ್ಮೆ ತಟ್ಟಿ ನೋಡಿ ಎಂದ. ದೀಪ ಇನ್ನೂ ಕಂದಿತು.

“ಎಲ್ಲರೂ ಸ್ವಲ್ಪ ಲೈನಲ್ಲೇ ಇರಿ.”

ಮಾತು ಬಂದದ್ದು ಮೂಲೆಯಿಂದ. ಸ್ವರ ಜೋರಿರಲಿಲ್ಲ. ಆದರೆ ಅದು ಕೋಣೆಯ ಒಂದೊಂದು ಮೂಲೆಗೂ ಬೇರೆಬೇರೆಯಾಗಿ ಹೋಗಿ ಮುಟ್ಟಿತು. ದೊಡ್ಡ ಇಂಜಿನಿಯರ್ ಕುರ್ಚಿಯಿಂದ ಎದ್ದು ನಿಂತರು.

“ಅಮ್ಮಾ,” ಎಂದರು ಅವರು. “ನೀವು... ಟ್ರಂಕ್ ಬೋರ್ಡು. ಸಂಜೆಯ ಪಾಳಿ.”

ತಾಯಿ ಅವರತ್ತ ನೋಡಿದರು. “ಪ್ರತಿ ಗುರುವಾರ ಏಳು ಗಂಟೆಗೆ ಟ್ರಂಕ್ ಕಾಲ್ ಬುಕ್ ಮಾಡ್ತಿದ್ದವರಲ್ವಾ. ಮೂರು ನಿಮಿಷ ಮುಗಿದರೂ ‘ಇನ್ನೊಂದೇ ಮಾತು’ ಅಂತಿದ್ರಿ. ಆ ಹುಡುಗಿ ಕೊನೆಗೆ ಒಪ್ಪಿದಳಾ?”

“ಮದುವೆಯಾಗಿ ನಲವತ್ತೇಳು ವರ್ಷ ಆಯ್ತು, ಅಮ್ಮ.” ದೊಡ್ಡ ಇಂಜಿನಿಯರ್ ಕಣ್ಣು ಒರೆಸಿಕೊಂಡರು. ಆ ಸ್ವರದ ಮುಖವನ್ನು ಅವರು ಈ ದಿನ ಮೊದಲ ಸಲ ನೋಡುತ್ತಿದ್ದರು. ಹದಿನಾಲ್ಕು ಮಂದಿಯಲ್ಲಿ ಇನ್ನೂ ಮೂವರಿಗೆ ಆ ಸ್ವರದ ಗುರುತು ಸಿಕ್ಕಿತು. ಅವರೂ ಎದ್ದರು. ಉಳಿದವರು ಏಕೆಂದು ತಿಳಿಯದಿದ್ದರೂ ಎದ್ದರು. ಮಗ ಮಾತ್ರ ಬಾಯಿ ತೆರೆದುಕೊಂಡು ನಿಂತಿದ್ದ. ಮನೆಯಲ್ಲಿ ದಿನಾ ಕೇಳುವ ಸ್ವರಕ್ಕೆ ಇಡೀ ಸಂಘ ಎದ್ದು ನಿಂತದ್ದು ಅವನಿಗೆ ನಂಬಲಾಗಲಿಲ್ಲ.

“ಮೊನ್ನೆ ಹೇಳೋಕೆ ಹೊರಟೆ, ನೀನು ಚಪ್ಪಲಿ ಹಾಕ್ಕೊಂಡೆ,” ಎಂದು ತಾಯಿ ಮಗನಿಗೆ ಹೇಳಿದರು. “ಒಂದು ಎಳೆ ಮಾತಾಡೋದಕ್ಕೆ, ಒಂದು ಕೇಳೋದಕ್ಕೆ. ಈ ಕಡೆಯ ಬಾಯಿ ಆ ಕಡೆಯ ಕಿವಿಗೆ ಹೋಗ್ಬೇಕು. ನೀನು ಬಾಯಿಗೆ ಬಾಯಿ, ಕಿವಿಗೆ ಕಿವಿ ಕಟ್ಟಿದ್ದೀಯ. ಎರಡೂ ಹಲೋ ಹಲೋ ಅಂತಿವೆ. ಕೇಳೋರೇ ಇಲ್ಲ.”

ಸಾಹೇಬರ ಹೆಂಡತಿ ಏನೋ ಹೇಳಹೊರಟು, ಮನೆಗೆ ಬಂದವರ ಮುಖ ನೋಡಿ ನುಂಗಿಕೊಂಡರು.

“ಆದ್ರೆ ಅಮ್ಮ, ಕೆಂಪಿಗೆ ಕೆಂಪು. ಮೂವತ್ತೆರಡು ವರ್ಷ...”

“ನೀನು ಗುಂಡಿಯಲ್ಲಿದ್ದೆ. ಬಾಯಿಗೆ ಕಿವಿ ಸೇರಿಸ್ತಿದ್ದದ್ದು ಮೇಲೆ, ನಾವು.”

ಸಾಹೇಬರಿಗೆ ಹೇಳಲು ಏನೂ ಹೊಳೆಯಲಿಲ್ಲ. ಅವರ ಜೀವನದಲ್ಲಿ ಇದು ಮೊದಲು. ಅವರು ತಮ್ಮ ಜಾಯಿಂಟನ್ನು ನೋಡಿದರು. ನುಣುಪಾಗಿ, ಕಪ್ಪಗೆ ಹೊಳೆಯುತ್ತಿತ್ತು. ಅವರು ಮುಚ್ಚಿದ ಒಂದು ಜಾಯಿಂಟೂ ಇದುವರೆಗೆ ಬಿಚ್ಚಿದ್ದಿಲ್ಲ. ಎದುರಿಗೆ ದೊಡ್ಡ ಇಂಜಿನಿಯರ್, ಹಿಂದೆ ಇಡೀ ಬೀದಿ. ತಾಯಿಯ ತೊಡೆಯ ಮೇಲೆ ದೀಪ ಈಗ ಒಣಗಿದ ಕುಂಕುಮದ ಚುಕ್ಕೆಯಷ್ಟಿತ್ತು.

“ಬ್ಲೇಡು” ಎಂದರು ಸಾಹೇಬರು.

ಟೈಲರು ಕಿಟಕಿಯಿಂದ ತನ್ನ ಕತ್ತರಿ ಚಾಚಿದ. ಸಾಹೇಬರು ನೆಲಕ್ಕೆ ಕೂತು ಜಾಯಿಂಟನ್ನು ಕಚಕ್ಕನೆ ಕತ್ತರಿಸಿದರು. ಸಂಘದವರು ಒಟ್ಟಿಗೆ ಉಸಿರೆಳೆದುಕೊಂಡರು. ಬೆಸುಗೆಗೆ ಸಮಯವಿರಲಿಲ್ಲ. ಅವರು ಹಲ್ಲಿನಲ್ಲೇ ಎಳೆಗಳ ಸಿಪ್ಪೆ ಬಿಡಿಸಿ ಹೊಸೆಯತೊಡಗಿದರು. ಉಳಿದ ನಾಲ್ಕು ಬಣ್ಣಗಳು ತಂತಮ್ಮ ಬಣ್ಣಕ್ಕೆ ಸೇರಿದವು. ಆ ಬೆರಳುಗಳ ವೇಗವನ್ನು ನೋಡಲು ಬೀದಿ ಕಿಟಕಿಗೆ ಇನ್ನಷ್ಟು ಒತ್ತಿಕೊಂಡಿತು. ಅರವತ್ತಮೂರರ ಮುದುಕನ ಬೆರಳುಗಳಲ್ಲ ಅವು. ಕೊನೆಗೆ ಎರಡು ಎಳೆ ಉಳಿದವು. ಸಾಹೇಬರು ಕಣ್ಣು ಮುಚ್ಚಿ ಕೆಂಪನ್ನು ಕಿತ್ತಳೆಗೆ, ಕಿತ್ತಳೆಯನ್ನು ಕೆಂಪಿಗೆ ಹೊಸೆದರು. ಹೊಸೆದದ್ದು ಸಡಿಲವಾಗಿತ್ತು. ಅವರು ಎರಡು ಬೆರಳುಗಳ ನಡುವೆ ಅದನ್ನು ಅದುಮಿ ಹಿಡಿದರು.

“ಅಪ್ಪ, ಅಲುಗಾಡಬೇಡ,” ಎಂದಳು ಮಗಳು.

“ಮಾತೂ ಆಡಬೇಡ,” ಎಂದರು ತಾಯಿ. “ನೀನು ಮಾತಾಡಿದ್ರೆ ಕೈ ಕುಣಿಯುತ್ತೆ.”

ಎರಡು ಪರದೆಗಳಲ್ಲೂ ಕಾಯುವ ಸಾಲು ಅಳಿಸಿಹೋಯಿತು. ಎರಡರಲ್ಲೂ ಒಟ್ಟಿಗೆ ಒಂದು ಬಾಗಿಲು ತೆರೆಯಿತು. ಮಗಳು ತನ್ನ ಕಡೆಯಿಂದ ಬದಲಿಗೆ ಒಂದು ಬಡಪಾಯಿ ಹುಳುವನ್ನು ಮುಂದಿಟ್ಟಳು. ತಾಯಿ ತಮ್ಮ ಆಮೆಯನ್ನು ಆರಿಸಿ, ಒಂದು ಗಳಿಗೆ ಅದನ್ನು ನೋಡಿ, ಗುಂಡಿ ಒತ್ತಿದರು.

ಆಮೆ ಒಂದು ಬೆಳಕಿನ ಚುಕ್ಕೆಯಾಯಿತು. ಚುಕ್ಕೆ ಪರದೆಯ ಅಂಚಿಗೆ ತೆವಳಿ ಮಾಯವಾಯಿತು. ಈಗ ಅದು ಈ ಗೇಮಿನಲ್ಲೂ ಇರಲಿಲ್ಲ, ಆ ಗೇಮಿನಲ್ಲೂ ಇರಲಿಲ್ಲ. ಹತ್ತೊಂಬತ್ತು ವರ್ಷದ ಮಧ್ಯಾಹ್ನಗಳೆಲ್ಲ ಇದ್ದದ್ದು ಮಾರುದ್ದದ ವೈರಿನಲ್ಲಿ, ಸಾಹೇಬರ ಎರಡು ಬೆರಳುಗಳ ನಡುವೆ. ಸಾವಿರಾರು ಮಂದಿಯ ಸಾವು, ಹುಟ್ಟು, ಜಗಳ, ಪ್ರೇಮ ಇದೇ ಬೆರಳುಗಳು ಕಟ್ಟಿದ ತಂತಿಗಳಲ್ಲಿ ಓಡಾಡಿದ್ದವು. ಒಂದನ್ನಾದರೂ ಅವರು ಹೀಗೆ ಹಿಡಿದು ನೋಡಿರಲಿಲ್ಲ. ತಂತಿಯೊಳಗೆ ಏನೋ ಹೋಗುತ್ತದೆ ಎಂಬ ಸಂಗತಿಯೇ ಅವರಿಗೆ ಈಗ ಹೊಳೆದಂತಿತ್ತು.

ಮಗಳ ಪರದೆಯ ಅಂಚಿನಲ್ಲಿ ಚುಕ್ಕೆ ಕಾಣಿಸಿತು. ಅದು ನಡುವಿಗೆ ಬಂದು, ಅರಳಿ, ಬೆಟ್ಟದಂಥ ಆಮೆಯಾಗಿ ನಿಂತಿತು. ಕೆಳಗೆ ಅಕ್ಷರ ಮೂಡಿತು. ಮಗಳು ಅದನ್ನು ಗಟ್ಟಿಯಾಗಿ ಓದಿದಳು.

“ಗುಂಡು ಸುರಕ್ಷಿತವಾಗಿ ಬಂದು ತಲುಪಿದ್ದಾನೆ.”

ಸಾಹೇಬರು ತಲೆಯೆತ್ತಿದರು. ಗುಂಡು ಎಂದು ಈ ಲೋಕದಲ್ಲಿ ಕರೆಸಿಕೊಂಡವರು ಒಬ್ಬರೇ, ಕರೆಯುತ್ತಿದ್ದವರೂ ಒಬ್ಬರೇ. ಇಲಾಖೆಗೆ ಸೇರಿದ ದಿನ, ಹಾಗೆ ಕರೆಯಬೇಡ ಅಮ್ಮ, ನಾನೀಗ ನೌಕರ ಎಂದು ಅವರೇ ಆ ಹೆಸರನ್ನು ನಿಲ್ಲಿಸಿದ್ದರು. ಅವರು ಬಾಯಿ ತೆರೆದರು. ಕೈ ಕುಣಿಯುವುದೆಂದು ನೆನಪಾಗಿ ಮುಚ್ಚಿದರು.

“ನಡೆಯೋದು ನಿಧಾನ,” ಎಂದರು ತಾಯಿ ಆಮೆಯನ್ನು ನೋಡುತ್ತಾ. “ಹೇಳಿದ ಮಾತು ಕೇಳಲ್ಲ. ಚಿಪ್ಪೊಂದು ಬೇರೆ. ಆದ್ರೆ ಹಿಡಿದದ್ದನ್ನ ಬಿಡಲ್ಲ. ಬೇರೆ ಯಾವ ಹೆಸರು ಇಡಲಿ?”

ಅವರ ತೊಡೆಯ ಮೇಲಿನ ಗೇಮಿನಲ್ಲಿ ಕೆಂಪು ದೀಪ ಆರಿತು. ಬಡಪಾಯಿ ಹುಳು ಕತ್ತಲಲ್ಲಿ ಉಳಿಯಿತು. ತಾಯಿ ಆ ಗೇಮನ್ನು ಎರಡು ಸಲ ತಟ್ಟಿ ಪಕ್ಕಕ್ಕಿಟ್ಟು, ಹೊಸದನ್ನು ಮೊಮ್ಮಗಳ ಕೈಯಿಂದ ತೆಗೆದುಕೊಂಡರು.

ಆಗ ದೊಡ್ಡ ಇಂಜಿನಿಯರಿಗೆ ತಮ್ಮ ಕೈಯಲ್ಲಿದ್ದ ಚೌಕಟ್ಟಿನ ನೆನಪಾಗಿ ಪೇಚಾಟವಾಯಿತು. ಅದರಲ್ಲಿ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು: ಮೂವತ್ತು ವರ್ಷಗಳಿಂದ ಯಾರ ಗಮನಕ್ಕೂ ಬಾರದಿದ್ದ ತಪ್ಪನ್ನು ಪತ್ತೆ ಹಚ್ಚಿದ್ದಕ್ಕಾಗಿ. ಅವರು ಅದನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿಕೊಂಡರು. ನೆಲದ ಮೇಲೆ ಕೂತಿದ್ದ ಸಾಹೇಬರು ಅದನ್ನು ಕಂಡರು. ಎಂದಿನಂತೆ ಗುಂಡಿಯಿಂದ ಮೇಲೆ ನೋಡಿದ ಹಾಗಿತ್ತು.

“ಬರಹ ಸರಿಯಾಗೇ ಇದೆ, ಸಾರ್. ತಿದ್ದೋದು ಬೇಡ,” ಎಂದರು ಅವರು ತುಂಬ ಮೆಲ್ಲಗೆ. “ಆ ತಪ್ಪು ನಂದು. ಪತ್ತೆ ಹಚ್ಚಿದವರು ಅಲ್ಲಿ ಕೂತಿದ್ದಾರೆ. ಹೆಸರೊಂದು ಬದಲಾಯಿಸಿ, ಅಮ್ಮನಿಗೆ ಕೊಡಿ.”

ಇಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ಹೆಂಡತಿ ಈವರೆಗೆ ಕೇಳಿರಲಿಲ್ಲ. ದೊಡ್ಡ ಇಂಜಿನಿಯರ್ ಬಾಗಿ, ಚೌಕಟ್ಟನ್ನು ತಾಯಿಯ ಕೈಗೆ ಕೊಟ್ಟರು. ಆಕೆ ಅದನ್ನು ಪೂರ್ತಿ ಓದಿ, ಮಗನ ಕಡೆ ನೋಡಿದರು. ಎಲ್ಲ ಮುಗಿದಿತ್ತು. ಎಲ್ಲರೂ ಎದ್ದಿದ್ದರು. ಅವನೊಬ್ಬ ಇನ್ನೂ ನೆಲದ ಮೇಲೆ ಕೂತು, ಆ ಎರಡು ಎಳೆಗಳನ್ನು ಬೆರಳುಗಳ ನಡುವೆ ಅದುಮಿ ಹಿಡಿದುಕೊಂಡೇ ಇದ್ದ.

“ಬಿಡೋ ಗುಂಡು,” ಎಂದರು ತಾಯಿ. “ನೀನು ದಾಟಿಯಾಯ್ತು.”

ಅವನು ಆ ಮಾತನ್ನು ಕೊನೆಯವರೆಗೂ ಕೇಳಿಸಿಕೊಂಡ. ಆಮೇಲೆ ಬಿಟ್ಟ.